ಹುಲ್ಲು ಯಾರ ಊಟ?

ಬಿಸಿಲೇರಿದ ಮೇಲೆ ಜಾಲಿ ಮರದ ನೆರಳಿನಲ್ಲಿ ಮಂದೆ ಮಲಗಿ, ಬೆಳಗ್ಗೆ ಅವಸರದಲ್ಲಿ ನುಂಗಿದ್ದನ್ನು ಮತ್ತೆ ಬಾಯಿಗೆ ತಂದು, ದವಡೆಯನ್ನು ಅಡ್ಡಡ್ಡ ಆಡಿಸುತ್ತಾ ಅರೆಯುವುದನ್ನು ಕಂಡವರಿಗೆ, ಕುರಿಯಷ್ಟು ಸ್ವಾವಲಂಬಿಯಾದ ಜೀವ ಬೇರೊಂದಿಲ್ಲ ಅನಿಸಿದರೆ ಆಶ್ಚರ್ಯವಿಲ್ಲ. ಯಾರೂ ಬಿತ್ತದ ಹುಲ್ಲನ್ನು ಹಾಲು, ಮಾಂಸ, ಉಣ್ಣೆಯಾಗಿಸುವ ಈ ಪ್ರಾಣಿಗೆ ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಮಾತ್ರ ಸ್ವಂತದ್ದಲ್ಲ. ಅದಕ್ಕೆ ಬೇಕಾದ ಕಿಣ್ವ ಅದರ ಮೈಯಲ್ಲಿ ಹುಟ್ಟುವುದೇ ಇಲ್ಲ. ಆ ಕೆಲಸ ನಡೆಯುವುದು ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ರೂಮೆನ್‌ನಲ್ಲಿ, ಸುಮಾರು 39 ಡಿಗ್ರಿ ಬಿಸುಪಿನಲ್ಲಿ, ಒಂದೊಂದು ಮಿಲಿಲೀಟರಿಗೂ ಸಾವಿರ ಕೋಟಿಯ ಲೆಕ್ಕದಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳಿಂದ.

ಹುಲ್ಲು ಮೊದಲು ಅವುಗಳ ಊಟ. ಅವು ಹುದುಗಿಸಿ ಬಿಟ್ಟ ಕೊಬ್ಬಿನಾಮ್ಲಗಳು ರೂಮೆನ್ ಗೋಡೆಯ ಮೂಲಕ ರಕ್ತಕ್ಕಿಳಿದು ಕುರಿಯ ಶಕ್ತಿಯ ಬಹುಪಾಲನ್ನು ಪೂರೈಸುತ್ತವೆ. ಉಂಡು ಬೆಳೆದ ಬ್ಯಾಕ್ಟೀರಿಯಾಗಳೂ ಕೊನೆಗೆ ನಾಲ್ಕನೆಯ ಕೋಣೆಗೆ ಜಾರಿ, ಅಲ್ಲಿಯ ಆಮ್ಲಕ್ಕೂ ಲೈಸೋಜೈಮ್ ಎಂಬ ಕಿಣ್ವಕ್ಕೂ ಸಿಕ್ಕಿ, ಸಣ್ಣ ಕರುಳಿನಲ್ಲಿ ಕುರಿಗೆ ಪ್ರೋಟೀನಾಗಿ ದಕ್ಕುತ್ತವೆ. ಸಾಕಿದವರನ್ನೇ ಉಣ್ಣುವ ಈ ಏರ್ಪಾಟನ್ನು ಸ್ನೇಹವೆನ್ನೋಣವೇ, ವ್ಯವಹಾರವೆನ್ನೋಣವೇ? ಕುರಿಗೆ ತನ್ನೊಳಗಿನವರ ಸುದ್ದಿಯೇ ಗೊತ್ತಿಲ್ಲವಾದ್ದರಿಂದ ಅದರ ಮೇಲೆ ನಮ್ಮ ನೀತಿಯನ್ನು ಹೊರಿಸುವುದು ತರವಲ್ಲ. ಆದರೆ ತಿಳಿಯಬಲ್ಲ ನಾವು ಏನನ್ನು ಮರೆತಿರುತ್ತೇವೆ?

ದಕ್ಷಿಣ ಆಸ್ಟ್ರೇಲಿಯಾದ ಕರಾವಳಿಯ ಕೆಲವು ಹುಲ್ಲುಗಾವಲುಗಳಲ್ಲಿ ಮೇವಿಗೆ ಬರವಿಲ್ಲದಿದ್ದರೂ ಕುರಿಗಳು ರಕ್ತಹೀನವಾಗಿ ಸೊರಗಿ ಸಾಯುತ್ತಿದ್ದವು. ಆ ಮಣ್ಣಿನಲ್ಲಿ ಕೋಬಾಲ್ಟ್ ಸಾಲದೆಂಬುದು 1930ರ ದಶಕದಲ್ಲಿ ತಿಳಿಯಿತು. ತೀರ ಅಲ್ಪ ಪ್ರಮಾಣದಲ್ಲಿ ಅದನ್ನು ಕೊಟ್ಟರೆ ಸಾಕು, ಕುರಿಗಳು ಚೇತರಿಸಿಕೊಳ್ಳುತ್ತಿದ್ದವು. 1948ರಲ್ಲಿ ಬೇರ್ಪಡಿಸಿದ ಬಿ12 ಜೀವಸತ್ವದೊಳಗೆ ಕೋಬಾಲ್ಟ್ ಕಂಡುಬಂದ ಮೇಲೆ ಕಾರಣವೂ ಸ್ಪಷ್ಟವಾಗತೊಡಗಿತು. ಕುರಿಗೆ ಆ ಜೀವಸತ್ವವನ್ನು ತಯಾರಿಸಿಕೊಡುವುದು ರೂಮೆನ್ನಿನ ಬ್ಯಾಕ್ಟೀರಿಯಾ. ಮೇಯುವ ಬಾಯಿಗೆ ಹುಲ್ಲು ಸಾಕಷ್ಟಿತ್ತು. ಒಳಗೆ ದುಡಿಯುವವರಿಗೆ ಬೇಕಾದದ್ದು ಅದರಲ್ಲಿ ಇರಲಿಲ್ಲ.

ಎಷ್ಟು ಮನೆಗಳು ಹೀಗೆಯೇ ಸೊರಗುವುದಿಲ್ಲ? ಯಜಮಾನನ ತಟ್ಟೆ ತುಂಬಿರುವುದನ್ನಷ್ಟೇ ನೋಡುವ ಕಣ್ಣಿಗೆ, ಅದನ್ನು ತುಂಬಿಸುವ ಕೈಗಳ ಕೊರತೆ ಕಾಣುವುದು ಬಹಳ ತಡವಾಗಿ. 'ನನ್ನ ಸಂಪಾದನೆ' ಎಂದು ನಾವು ಹೇಳಿಕೊಳ್ಳುವುದರಲ್ಲಿ ಎಷ್ಟು ಪಾಲು, ಹೆಸರಿಲ್ಲದ ಯಾರೋ ಮೊದಲೇ ಅರಗಿಸಿಕೊಟ್ಟದ್ದಾಗಿರುತ್ತದೆ!

ಅನುಭವಿ ಕುರಿಗಾಹಿ ಕೊಯ್ಲಾದ ಜೋಳದ ಹೊಲಕ್ಕೆ ಹಸಿದ ಮಂದೆಯನ್ನು ಒಮ್ಮೆಗೇ ನುಗ್ಗಿಸುವುದಿಲ್ಲ. ಉದುರಿದ ಕಾಳನ್ನು ಕುರಿ ಒಂದೇ ಸಲಕ್ಕೆ ಮುಕ್ಕಿದರೆ, ಆಮ್ಲ ಹೆಚ್ಚಿಸುವ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದು, ನಾರು ಕರಗಿಸುವವು ನಾಶವಾಗಿ, ಕುರಿಯೇ ಸಾಯಬಹುದು. ಅವನು ಬ್ಯಾಕ್ಟೀರಿಯಾವನ್ನು ಕಂಡವನಲ್ಲ. ಹೊಸ ಮೇವಿಗೆ ಹೊಟ್ಟೆ ಒಗ್ಗಲು ಕೆಲವು ದಿನ ಬೇಕೆಂಬುದನ್ನು ಮಾತ್ರ ಬಲ್ಲ. ಕಾಣದವರಿಗೂ ಒಂದು ಅಗತ್ಯವಿದೆ, ಅವರಿಗೂ ಸಮಯ ಬೇಕು ಎನ್ನುವ ಇಷ್ಟು ವಿವೇಕ ನಮಗೂ ಸಾಧ್ಯವಿದೆ. ಉಪಕಾರ ಸ್ಮರಣೆಯ ಮಾತು ಆಮೇಲಿರಲಿ. ನಮಗಾಗಿ ದುಡಿಯುವವರಿಗೆ ಏನು ಕಡಿಮೆಯಾಗಿದೆ ಎಂದು ಮೊದಲು ಕೇಳೋಣ.