ಹಣಕ್ಕೆ ಮಾತ್ರ ವಿನಾಯಿತಿಯೇ?

ಇಂಗ್ಲೆಂಡ್ ಮತ್ತು ಅಮೆರಿಕದ ರಾಜಕೀಯ ಚಿಂತನೆಯಲ್ಲಿ ‘ಕನ್ಸರ್ವೇಟಿವ್’ ಎನಿಸಿಕೊಂಡ ವಿಚಾರಧಾರೆ, ಅಂದರೆ ತಲೆಮಾರುಗಳ ಅನುಭವದಿಂದ ರೂಪುಗೊಂಡ ಸಂಸ್ಥೆ, ರೂಢಿ, ನಂಬಿಕೆಗಳನ್ನು ಒಂದೇ ತಲೆಮಾರಿನ ತರ್ಕಬಲದಿಂದ ಕಿತ್ತುಹಾಕಬಾರದೆನ್ನುವ ಸಂಪ್ರದಾಯವಾದ, ಸಂಸ್ಕೃತಿಯಲ್ಲಾಗುವ ಬದಲಾವಣೆಯನ್ನು ಸಂಶಯದಿಂದ ನೋಡುತ್ತದೆ. ಆದರೆ ಅದೇ ಸಂಶಯವನ್ನು ಮಾರುಕಟ್ಟೆಗೂ ಯಂತ್ರಕ್ಕೂ ಅನ್ವಯಿಸಬೇಕಾದಾಗ ಅದರ ಇಂದಿನ ವಕ್ತಾರರಲ್ಲಿ ಬಹಳಷ್ಟು ಮಂದಿ ಹಿಂಜರಿಯುತ್ತಾರೆ. ವಿವಾಹ, ಶಾಲೆಯ ಪಠ್ಯ, ಪ್ರಾರ್ಥನೆಯ ಕ್ರಮ ಇವುಗಳ ಬಗ್ಗೆ ತಾಳ್ಮೆಯನ್ನು ಬೋಧಿಸುವ ಲೇಖನಿಯೇ, ಊರಿನ ಕಾರ್ಖಾನೆ ಮುಚ್ಚಿದ ಸುದ್ದಿ ಬಂದಾಗ ಬದಲಾವಣೆ ಅನಿವಾರ್ಯವೆಂದು ಬರೆದು ಮುಂದೆ ಸಾಗುತ್ತದೆ. ಈ ವಿನಾಯಿತಿಗೆ ತಾತ್ವಿಕ ಆಧಾರವಿದೆಯೇ ಎಂಬುದು ವಿಚಾರಾರ್ಹ.

ಈ ಚಿಂತನೆಯ ಮೂಲಪುರುಷನೆನಿಸಿದ ಎಡ್ಮಂಡ್ ಬರ್ಕ್‌ನಲ್ಲಿ ಹಣಕ್ಕೆ ಇಂಥ ರಿಯಾಯಿತಿ ಇರಲಿಲ್ಲ. ಫ್ರಾನ್ಸಿನ ಕ್ರಾಂತಿಯನ್ನು ಕುರಿತು ಅವನು 1790ರ ನವೆಂಬರಿನಲ್ಲಿ ಪ್ರಕಟಿಸಿದ ಗ್ರಂಥ ಅರಸೊತ್ತಿಗೆ ಮತ್ತು ಚರ್ಚಿನ ಪರವಾದ ವಾದಕ್ಕೆ ಹೆಸರಾಗಿದ್ದರೂ, ಅದರಲ್ಲಿ ‘ಅಸಿಗ್ನಾ’ ಎಂಬ ಕಾಗದದ ಹಣದ ವಿಮರ್ಶೆ ಸಾಕಷ್ಟು ಜಾಗ ಪಡೆದಿದೆ. ಚರ್ಚಿನಿಂದ ಮುಟ್ಟುಗೋಲು ಹಾಕಿಕೊಂಡ ಭೂಮಿಯನ್ನು ಆಧಾರವಾಗಿಟ್ಟು ಹೊರಡಿಸಿದ ಈ ಪತ್ರಗಳು ನೆಲವನ್ನೇ ಸಟ್ಟಾ ವ್ಯಾಪಾರದ ಸರಕಾಗಿಸಿ ಇಡೀ ರಾಷ್ಟ್ರವನ್ನು ಜೂಜಿಗೆ ಎಳೆಯುತ್ತವೆಂದು ಅವನು ವಾದಿಸಿದನು. ಅದಕ್ಕೂ ಮೊದಲು, 1785ರ ಫೆಬ್ರವರಿಯಲ್ಲಿ, ಆರ್ಕಾಟಿನ ನವಾಬನ ಸಾಲಗಳನ್ನು ಕುರಿತ ಪಾರ್ಲಿಮೆಂಟಿನ ಭಾಷಣದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರರು ಬಡ್ಡಿಯಾಸೆಗೆ ಕೊಟ್ಟ ಹಣ ನವಾಬನ ಸೀಮೆಯನ್ನು ಹೇಗೆ ಹಿಂಡಿತೆಂದು ಬಿಡಿಸಿಟ್ಟನು. 1780ರಲ್ಲಿ ಮೈಸೂರಿನ ಹೈದರ್ ಅಲಿ ಆ ಸೀಮೆಯ ಮೇಲೆ ಎರಗಿದ ಪ್ರಸಿದ್ಧ ವರ್ಣನೆ ಇರುವುದು ಆ ಭಾಷಣದಲ್ಲಿಯೇ. ಅಲ್ಲಿ ಬರ್ಕ್‌ನ ಕೋಪವೆಲ್ಲ ದಾಳಿಯನ್ನು ತಂದುಕೊಂಡ ನವಾಬನ ಮೇಲೆ ಮತ್ತು ಅವನಿಗೆ ಸಾಲ ಕೊಟ್ಟವರ ಮೇಲೆ. ಹಾಗೆಂದು ಅವನು ಮಾರುಕಟ್ಟೆಯ ವೈರಿಯಲ್ಲ. 1795ರ ಧಾನ್ಯದ ಅಭಾವದಲ್ಲಿ ಬೆಲೆ, ಕೂಲಿಗಳ ವಿಷಯದಲ್ಲಿ ಸರ್ಕಾರ ಕೈಹಾಕಬಾರದೆಂದು ಬರೆದವನೂ ಅವನೇ. ಬಿರುಕು ಮೂಲದಲ್ಲಿಯೇ ಇತ್ತು.

ಬರ್ಕ್‌ನ ದೃಷ್ಟಿಯಲ್ಲಿ ಸಮಾಜವೆಂಬುದು ಗತಿಸಿದವರು, ಬದುಕಿರುವವರು ಮತ್ತು ಇನ್ನೂ ಹುಟ್ಟಬೇಕಾದವರ ನಡುವಿನ ಪಾಲುದಾರಿಕೆ. ಪಡೆದದ್ದನ್ನು ಸಂತತಿಗೆ ದಾಟಿಸುವುದರಿಂದಲೇ ಪಿತೃಋಣ ತೀರುತ್ತದೆಂಬ ಕಲ್ಪನೆಯನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಪರಿಚಿತವೆನಿಸದು. ಗ್ರಾಹಕ ಸಾಲದ ಆರ್ಥಿಕತೆ ಈ ದಿಕ್ಕನ್ನು ತಿರುಗಿಸಿ, ಮುಂದಿನವರ ಪಾಲನ್ನು ಇಂದೇ ತಂದು ಉಣ್ಣುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇನಿಯಲ್ ಬೆಲ್ 1976ರಲ್ಲಿ, ದುಡಿಮೆ ಮತ್ತು ಮಿತವ್ಯಯವನ್ನು ಧರ್ಮವೆಂದು ಭಾವಿಸಿದ ಪ್ರಾಟೆಸ್ಟಂಟ್ ನೀತಿಯನ್ನು ಹಾಳುಗೆಡವಿದ್ದು ಕ್ರಾಂತಿಕಾರಿಗಳಲ್ಲ, ಕಂತಿನ ಖರೀದಿಯೇ ಎಂದು ತೋರಿಸಿದನು. ಬೆಲ್ ತನ್ನನ್ನು ಅರ್ಥನೀತಿಯಲ್ಲಿ ಸಮಾಜವಾದಿ, ರಾಜಕೀಯದಲ್ಲಿ ಉದಾರವಾದಿ, ಸಂಸ್ಕೃತಿಯಲ್ಲಿ ಮಾತ್ರ ಸಂಪ್ರದಾಯವಾದಿ ಎಂದು ಕರೆದುಕೊಂಡವನು. ಬಹುಶಃ ಆ ವಿಭಜನೆಯೇ ಅವನಿಗೆ ಇದನ್ನು ಕಾಣಿಸಿತು.

ವಿನಾಯಿತಿಯ ಪರವಾಗಿ ಗಟ್ಟಿಯಾದ ವಾದವೂ ಒಂದಿದೆ. ಮಾರುಕಟ್ಟೆಯನ್ನು ಯಾರೂ ಯೋಜಿಸಿ ಕಟ್ಟಲಿಲ್ಲ, ಭಾಷೆಯಂತೆ ಅದು ಅಸಂಖ್ಯಾತರ ವ್ಯವಹಾರದಿಂದ ತಾನಾಗಿ ಬೆಳೆಯಿತು. ಆದ್ದರಿಂದ ರೂಢಿಗೆ ಸಲ್ಲುವ ಗೌರವ ಅದಕ್ಕೂ ಸಲ್ಲಬೇಕು ಎಂಬ ಈ ವಾದಕ್ಕೆ ಬಲ ತುಂಬಿದವನು ಫ್ರೆಡ್ರಿಕ್ ಹಯೆಕ್. ಆದರೆ 1960ರಲ್ಲಿ ತಾನು ಸಂಪ್ರದಾಯವಾದಿಯಲ್ಲವೆಂದು ಪ್ರಬಂಧವನ್ನೇ ಬರೆದು ಸ್ಪಷ್ಟಪಡಿಸಿದವನೂ ಅವನೇ. ನಿಧಾನವಾಗಿ ಬೆಳೆದ ವ್ಯವಸ್ಥೆ ನಿಧಾನವಾಗಿಯೇ ವರ್ತಿಸಬೇಕಾಗಿಲ್ಲ. 1955ರಲ್ಲಿ ಆರಂಭವಾದ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯ ಬಳಗ ಮಾರುಕಟ್ಟೆಯ ಪಕ್ಷಪಾತಿಗಳನ್ನೂ ಧರ್ಮನಿಷ್ಠರನ್ನೂ ಒಂದುಗೂಡಿಸಿದ್ದು ಕಮ್ಯುನಿಸಂ ಎಂಬ ಸಮಾನ ಶತ್ರುವಿನ ಕಾರಣದಿಂದಲೇ ಹೊರತು ತತ್ತ್ವದ ಏಕತೆಯಿಂದಲ್ಲ. ಆ ಬಳಗದಲ್ಲಿದ್ದ ರಸೆಲ್ ಕರ್ಕ್, ಮೋಟಾರು ಕಾರನ್ನು ‘ಯಾಂತ್ರಿಕ ಜಾಕೊಬಿನ್’ ಎಂದು ಕರೆದನು. ಫ್ರಾನ್ಸಿನ ಉಗ್ರ ಕ್ರಾಂತಿಕಾರಿಗಳಾದ ಜಾಕೊಬಿನ್ನರಂತೆ ಕಾರು ಸಹ ಊರು, ನೆರೆಹೊರೆ, ಕುಟುಂಬಗಳ ಕಟ್ಟನ್ನು ಸಡಿಲಿಸುತ್ತದೆಂಬುದು ಅದರ ತಾತ್ಪರ್ಯ. ಆ ಮಾತನ್ನು ವಿನೋದವೆಂದು ಬದಿಗೆ ಸರಿಸಿದವರೇ ಹೆಚ್ಚು.

ತಂತ್ರಜ್ಞಾನದ ಪ್ರಶ್ನೆಯಲ್ಲಂತೂ ಹಯೆಕ್‌ನ ವಾದ ನಿಲ್ಲುವುದೇ ಇಲ್ಲ. ಮೊಬೈಲಿನ ಪರದೆಯಲ್ಲಿ ಯಾವುದು ಮೊದಲು ಕಾಣಬೇಕು, ಕಣ್ಣು ಎಷ್ಟು ಹೊತ್ತು ಅಲ್ಲಿ ನಿಲ್ಲಬೇಕು ಎಂಬುದನ್ನು ತಾನಾಗಿ ಬೆಳೆದ ರೂಢಿ ನಿರ್ಧರಿಸುತ್ತಿಲ್ಲ. ಕೆಲವೇ ಕಂಪನಿಗಳು ಕೋಟ್ಯಂತರ ಜನರ ಅಭ್ಯಾಸಗಳನ್ನು ಲೆಕ್ಕ ಹಾಕಿ ಹೊಸದಾಗಿ ರೂಪಿಸುತ್ತಿವೆ. ಕೆಲವರ ತರ್ಕ ಎಲ್ಲರ ಬದುಕನ್ನು ಮರುವಿನ್ಯಾಸಗೊಳಿಸುವುದನ್ನೇ ಬರ್ಕ್ ಪ್ಯಾರಿಸಿನಲ್ಲಿ ಕಂಡು ಬೆಚ್ಚಿದ್ದನು.

ಪೋಪ್ ಹದಿನಾಲ್ಕನೆಯ ಲಿಯೋ 2025ರ ಮೇ ತಿಂಗಳಲ್ಲಿ ತಮ್ಮ ಹೆಸರಿನ ಆಯ್ಕೆಯನ್ನು ವಿವರಿಸುತ್ತ, ಕೃತಕ ಬುದ್ಧಿಮತ್ತೆಯನ್ನು ಮತ್ತೊಂದು ಕೈಗಾರಿಕಾ ಕ್ರಾಂತಿಯೆಂದು ಪರಿಗಣಿಸಿ, ಹದಿಮೂರನೆಯ ಲಿಯೋ 1891ರಲ್ಲಿ ಕಾರ್ಮಿಕರ ಸ್ಥಿತಿಯ ಬಗ್ಗೆ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ಧರ್ಮಪತ್ರವನ್ನು ನೆನಪಿಸಿದರು. ಆ ಪತ್ರ ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿದು ಸಮಾಜವಾದವನ್ನು ತಿರಸ್ಕರಿಸಿತ್ತು. ಜೊತೆಗೆ, ಕೂಲಿಯ ನ್ಯಾಯವನ್ನು ಧಣಿ ಮತ್ತು ಆಳಿನ ಒಪ್ಪಂದವೊಂದಕ್ಕೇ ಬಿಡಲಾಗದೆಂದೂ ಹೇಳಿತ್ತು. ಸಂಪ್ರದಾಯದ ಹೆಸರಿನಲ್ಲಿ ಮೊದಲನೆಯದನ್ನು ಎತ್ತಿ ಹೇಳುವವರು ಎರಡನೆಯದಕ್ಕೆ ಯಾವ ನೆಲೆಯಿಂದ ಉತ್ತರಿಸುತ್ತಾರೆಂಬುದು ಇನ್ನೂ ತೀರ್ಮಾನವಾಗಿಲ್ಲ.