ಬಿಟ್ಟದ್ದೋ, ಬಿಡಿಸಿದ್ದೋ

ಅಕ್ಕಮಹಾದೇವಿ ಸೀರೆ, ಒಡವೆ ಎಲ್ಲ ಬಿಟ್ಟು, ಕೂದಲನ್ನೇ ಹೊದ್ದು ಶರಣರ ಕಲ್ಯಾಣ ಪಟ್ಟಣಕ್ಕೆ ಬಂದಳು. ಬಟ್ಟೆ ಬಿಟ್ಟವಳಿಗೆ ಕೂದಲ ಮರೆ ಏಕೆಂದು ಅಲ್ಲಮಪ್ರಭು ಕೇಳಿದ್ದನ್ನು ‘ಶೂನ್ಯಸಂಪಾದನೆ’ ಹೇಳುತ್ತದೆ. ನೋಡುವವರಿಗೆ ನೋವಾದೀತೆಂದು ಮುಚ್ಚಿಕೊಂಡೆ ಎಂಬುದು ಅಕ್ಕನ ಉತ್ತರ. ಅಷ್ಟು ಕರುಣೆಯ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಅಕ್ಕನಂತೆಯೇ, ಇಟಲಿಯ ಅಸಿಸಿಯಲ್ಲಿ ಕ್ಲಾರಾ ಎಂಬ ಸಿರಿವಂತರ ಮನೆಯ ಹುಡುಗಿ 1212ರ ಒಂದು ರಾತ್ರಿ ಮನೆ ಬಿಟ್ಟಳು. ಸಂತ ಫ್ರಾನ್ಸಿಸ್ ಅವಳ ಕೂದಲು ಕತ್ತರಿಸಿದ. ನುಣುಪು ಉಡುಪು ಹೋಗಿ ಒರಟು ಬಟ್ಟೆ, ತಲೆಗೆ ಮುಸುಕು ಬಂತು. ಆ ಕಾಲದ ಯುರೋಪಿನಲ್ಲಿ ಮದುವೆಯಾದ ಹೆಂಗಸರೂ ಕೂದಲು ಮುಚ್ಚಿ, ಗಲ್ಲದ ಸುತ್ತ ಬಿಳಿ ಬಟ್ಟೆ ಬಿಗಿಯುತ್ತಿದ್ದರು. ಸಂಸಾರಕ್ಕೂ ಮುಸುಕು, ಸನ್ಯಾಸಕ್ಕೂ ಮುಸುಕು.

ಬಟ್ಟೆಗೂ ಪಾವಿತ್ರ್ಯಕ್ಕೂ ನಂಟು ನಮ್ಮಲ್ಲೂ ಉಂಟು. ಮಂಚೇನಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತೇವೆ. ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯಲ್ಲಿ ಗೂಡು ಕಟ್ಟುತ್ತದೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ. ಬಿಸಿನೀರಲ್ಲಿ ಬೆಂದ ಗೂಡಿಂದ ಎಳೆ ತೆಗೆಯುವಾಗ ಒಳಗಿನ ಹುಳು ಸತ್ತಿರುತ್ತದೆ. ಆ ಎಳೆಯ ಸೀರೆಯೇ ಅಮ್ಮನಿಗೆ ಪೂಜೆಯ ಮಡಿ. ಹಾಗಾದರೆ ಪಾವಿತ್ರ್ಯ ಬಟ್ಟೆಯಲ್ಲಿದೆ ಎಂದು ನಾನು ಹೇಗೆ ನಂಬಲಿ?

ತೊಡುವುದು, ಬಿಡುವುದು ದೇವರಿಗೂ ಉಂಟು. ನಂದಿ ಊರಿನಲ್ಲಿ ಭೋಗನಂದೀಶ್ವರನಿಗೆ ಅಲಂಕಾರವುಂಟು, ಕಲ್ಯಾಣಮಂಟಪವುಂಟು. ಬೆಟ್ಟದ ಮೇಲಿನ ಯೋಗನಂದೀಶ್ವರ ವಿರಾಗಿ, ಅವನಿಗೆ ಉತ್ಸವವಿಲ್ಲ. ಇಬ್ಬರೂ ಶಿವನೇ, ಒಡವೆ ಬಿಡು ಎಂದು ಶಿವನಿಗೆ ಯಾರೂ ಹೇಳಲಿಲ್ಲ. ಅಕ್ಕ, ಕ್ಲಾರಾ ತಾವಾಗಿ ಬಿಟ್ಟರು. ಆದರೆ ತಾತ ತೀರಿಕೊಂಡಾಗ ಅಜ್ಜಿಯ ಬಳೆಗಳನ್ನು ಊರ ಹೆಂಗಸರು ಹಿಡಿದು ಒಡೆದರು. ಅದನ್ನು ವೈರಾಗ್ಯವೆನ್ನಲು ನಾನು ಒಪ್ಪುವುದಿಲ್ಲ. ಶಿವರಾತ್ರಿಗೆ ನಂದಿ ಜಾತ್ರೆಯಲ್ಲಿ ಅಜ್ಜಿಗೆ ಹಸಿರು ಬಳೆ ತೊಡಿಸಬೇಕೆಂದಿದ್ದೇನೆ. ಬೇಡವೆನ್ನುವುದಾದರೆ ಅಜ್ಜಿಯೇ ಅನ್ನಲಿ.