ನಾಯಕನಿಗೆ ಅಂಕ ಕೊಡುವವರು ಯಾರು?

ಮುಧೋಳದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಬಾಗಲಕೋಟೆಯ ಬಸ್ಸಿಗೆ ಕಾಯುವವರ ನಡುವೆ, ಬಿಳಿ ಏಪ್ರನ್ ಮಡಚಿ ಚೀಲಕ್ಕೆ ತುರುಕಿಕೊಂಡ ಹುಡುಗ ಹುಡುಗಿಯರು ನಮಗೆ ಆಗಾಗ ಕಾಣಸಿಗುತ್ತಾರೆ. ನರ್ಸಿಂಗ್ ಓದುವವಳು, ಫಾರ್ಮಸಿ ಓದುವವನು, ರಜೆ ಮುಗಿಸಿ ಮರಳುವ ಎಂ.ಬಿ.ಬಿ.ಎಸ್. ವಿದ್ಯಾರ್ಥಿ. ಲೋಕಾಪುರ, ಕಲಾದಗಿ ದಾಟುವವರೆಗೂ ಅಕ್ಕಪಕ್ಕ ಕೂತು ಹರಟುವ ಇವರು ಬಸ್ಸಿಳಿದ ಮೇಲೆ ಬೇರೆ ಬೇರೆ ಬಾಗಿಲುಗಳೊಳಗೆ ಹೋಗುತ್ತಾರೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಅಲ್ಲಿ ವೈದ್ಯಕೀಯ, ದಂತವೈದ್ಯ, ನರ್ಸಿಂಗ್, ಫಾರ್ಮಸಿ, ಆಯುರ್ವೇದ ಹೀಗೆ ಹಲವು ಕಾಲೇಜುಗಳನ್ನು ನಡೆಸುತ್ತಿದೆ. ಪದವಿ ಕೊಡುವುದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಊರು ಒಂದು, ವಿಶ್ವವಿದ್ಯಾಲಯ ಒಂದು, ನಾಳೆ ಇವರೆಲ್ಲ ಮುಟ್ಟಬೇಕಾದ ರೋಗಿಯೂ ಒಬ್ಬನೇ. ಪಠ್ಯ ಬೇರೆ, ಪರೀಕ್ಷೆ ಬೇರೆ. ಇದು ಬಾಗಲಕೋಟೆಯ ಮೇಲಿನ ದೂರಲ್ಲ. ದೇಶದ ವೈದ್ಯಕೀಯ ಶಿಕ್ಷಣವನ್ನು ಕಟ್ಟಿರುವುದೇ ಹೀಗೆ.

ಇವರು ಕೂಡಿ ಕಲಿಯಬೇಕು ಎಂಬ ಮಾತು ಹಳೆಯದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದಕ್ಕೊಂದು ಚೌಕಟ್ಟನ್ನೇ ಪ್ರಕಟಿಸಿತು. ನಮ್ಮಲ್ಲಿ 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ವೈದ್ಯನಾಗುವವನಿಂದ ಐದು ಪಾತ್ರಗಳನ್ನು ಬಯಸುತ್ತದೆ. ಅವುಗಳಲ್ಲೊಂದು, ಆರೋಗ್ಯ ತಂಡದ ನಾಯಕ ಹಾಗೂ ಸದಸ್ಯ. 'ಹಾಗೂ ಸದಸ್ಯ' ಎಂಬುದನ್ನು ಓದುಗರು ಗಮನಿಸಬೇಕು. ಆ ಎರಡು ಶಬ್ದಗಳನ್ನು ಬರೆದವರು ಯಾರೋ ತಿಳಿದವರೇ ಇರಬೇಕು.

ಆದರೆ ಹುಡುಗನೊಬ್ಬ ನಾಯಕನಾದನೋ ಇಲ್ಲವೋ ಎಂದು ಅಳೆಯುವುದು ಹೇಗೆ? ಅಳೆಯುವವರು ಯಾರು?

ಕೆಲವು ವರ್ಷಗಳ ಹಿಂದೆ ನಮ್ಮ ಖಾಲಾ ಒಂದು ಆಸ್ಪತ್ರೆಯಲ್ಲಿದ್ದರು. ಯಾವ ಊರು, ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಅವರಿಗೆ ಒಂದು ಔಷಧ ಒಗ್ಗುತ್ತಿರಲಿಲ್ಲ. ಹಳೆಯ ಚೀಟಿಯಲ್ಲಿ ಯಾರೋ ಅದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದರು. ಆ ಚೀಟಿಯನ್ನು ನೋಡಿ ಕೇಸ್ ಪೇಪರಿಗೆ ಇಳಿಸಿದವಳು ತರಬೇತಿಗೆ ಬಂದಿದ್ದ ನರ್ಸಿಂಗ್ ಹುಡುಗಿ. ಸಂಜೆ ಹೌಸ್ ಸರ್ಜನ್ ಅದೇ ಔಷಧವನ್ನು ಬರೆದ. ಹಿಂದಿನ ರಾತ್ರಿಯೂ ಡ್ಯೂಟಿ ಮಾಡಿದ್ದವನು; ಕಣ್ಣು ಕೆಂಪಾಗಿದ್ದವು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಇಂಜೆಕ್ಷನ್ ಆಯಿತು, ಮೈತುಂಬ ದದ್ದು ಎದ್ದಿತು, ಉಸಿರು ಸಿಕ್ಕಿಕೊಂಡಿತು. ಎಲ್ಲರೂ ಓಡಿ ಬಂದರು. ಖಾಲಾ ಬದುಕಿದರು, ಆ ಮಾತು ಬೇರೆ. ರಾತ್ರಿ ವರಾಂಡದಲ್ಲಿ ಆ ಹುಡುಗಿ ನಮ್ಮ ಹತ್ತಿರ ಬಂದು, "ನಾ ನೋಡಿದ್ದೆರಿ ಅಣ್ಣಾರ. ಡಾಕ್ಟರಿಗೆ ಹ್ಯಾಂಗ ಹೇಳಲ್ರಿ?" ಎಂದು ಅತ್ತಳು. ಮರುದಿನ ಆ ಹೌಸ್ ಸರ್ಜನ್ನನೂ ಮುಖ ಸಣ್ಣದು ಮಾಡಿಕೊಂಡು, "ಯಾರರೆ ಒಂದ್ ಮಾತು ಹೇಳಿದ್ರ ನಿಲ್ಲಸ್ತಿದ್ನಲ್ರಿ" ಎಂದ.

ಅವನು ಸುಳ್ಳು ಹೇಳಲಿಲ್ಲ ಎಂದೇ ನಮ್ಮ ನಂಬಿಕೆ. ಹೇಳಿದ್ದರೆ ಖಂಡಿತ ನಿಲ್ಲಿಸುತ್ತಿದ್ದ. ನಿನ್ನ ನಾಯಕತ್ವ ಹೇಗಿದೆ ಎಂದು ಯಾರಾದರೂ ಅವನನ್ನೇ ಕೇಳಿದ್ದರೆ, ಎಲ್ಲರ ಮಾತನ್ನೂ ಕೇಳುತ್ತೇನೆ ಎಂದು ಮನಃಪೂರ್ವಕ ಹೇಳಿರುತ್ತಿದ್ದ. ತೊಡಕು ಇರುವುದೇ ಇಲ್ಲಿ. ಕೂಡಿ ಕಲಿಯುವ ಶಿಬಿರಗಳಲ್ಲಿ ಸಾಮಾನ್ಯವಾಗಿ ಬಳಸುವುದು ಪ್ರಶ್ನಾವಳಿಗಳನ್ನು: ಶಿಬಿರಕ್ಕೆ ಮೊದಲು ಒಂದು, ಮುಗಿದ ಮೇಲೆ ಒಂದು. ವಿದ್ಯಾರ್ಥಿ ತನಗೆ ತಾನೇ ಅಂಕ ಹಾಕಿಕೊಳ್ಳುತ್ತಾನೆ. ಅಂಕ ಏರಿದರೆ ಶಿಬಿರ ಯಶಸ್ವಿ. ಆದರೆ ಕೌಶಲ ಕಡಿಮೆ ಇರುವವರೇ ತಮ್ಮನ್ನು ತಾವು ಅತಿ ಹೆಚ್ಚಾಗಿ ಎಣಿಸಿಕೊಳ್ಳುತ್ತಾರೆ ಎಂದು ಅಮೆರಿಕದ ಕ್ರೂಗರ್ ಮತ್ತು ಡನ್ನಿಂಗ್ 1999ರಲ್ಲೇ ತೋರಿಸಿದ್ದಾರೆ. ಆ ಕಾಗದದಲ್ಲಿ ಏರಿದ್ದು ನಾಯಕತ್ವವೋ ಬರೀ ಆತ್ಮವಿಶ್ವಾಸವೋ ಹೇಳಲಾಗದು. ಆತ್ಮವಿಶ್ವಾಸ ಏರಿದ ವೈದ್ಯನ ಮುಂದೆ ಆ ಹುಡುಗಿಯ ಬಾಯಿ ಇನ್ನಷ್ಟು ಕಟ್ಟಿಹೋಗಲೂಬಹುದು.

ಹಾಗಾದರೆ ಅಂಕ ಅವಳೇ ಕೊಡಲಿ ಎನ್ನಬಹುದು. ಜೊತೆಯವರಿಂದ, ಕೆಳಗಿನವರಿಂದ ಅಭಿಪ್ರಾಯ ಪಡೆಯುವ ಪದ್ಧತಿಯೂ ಇದೆ. ನಮಗೆ ಅದು ಸರಿಯೆನಿಸುತ್ತದೆ, ಆದರೆ ಅರ್ಧ ಮಾತ್ರ. ಬಾಯಿಂದ ಹೇಳಲು ಅಂಜಿದವಳು ಕಾಗದದಲ್ಲಿ ಬರೆಯಲು ಅಂಜದಿರುತ್ತಾಳೆಯೇ? ಹೆಸರು ಹಾಕಬೇಡಿ ಎನ್ನುತ್ತಾರೆ. ಐದು ಜನರ ಗುಂಪಿನಲ್ಲಿ ನರ್ಸಿಂಗಿನವಳು ಒಬ್ಬಳೇ ಇದ್ದರೆ ಹೆಸರು ಯಾಕೆ ಬೇಕು? ಇನ್ನೊಂದು ಕಡೆ, ಆ ಅಂಕ ಪದವಿಗೆ ಸೇರುತ್ತದೆ ಎಂದು ಗೊತ್ತಾದ ಕೂಡಲೇ ಹುಡುಗ ನಟಿಸಲು ಶುರುಮಾಡುತ್ತಾನೆ. ಪರೀಕ್ಷಕರು ಇರುವಷ್ಟು ಹೊತ್ತು 'ಸಿಸ್ಟರ್, ನಿಮ್ಮ ಅಭಿಪ್ರಾಯ?' ಎನ್ನುತ್ತಾನೆ. ಕಥೆ ಬರೆಯುವ ನಮಗೆ ಈ ನಟನೆಯ ಗುರುತು ಚೆನ್ನಾಗಿಯೇ ಇದೆ.

ಮಸೀದಿಯಲ್ಲಿ ಜಮಾತಿನ ನಮಾಜು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಇಮಾಮ್ ಮುಂದೆ ನಿಲ್ಲುತ್ತಾರೆ, ಉಳಿದವರೆಲ್ಲ ಹಿಂದೆ. ಇಮಾಮ್ ಎಡವಿದರೆ ಹಿಂದಿರುವವರು 'ಸುಬ್‌ಹಾನಲ್ಲಾಹ್' ಎಂದು ಎಚ್ಚರಿಸುತ್ತಾರೆ. ಓದುವಾಗ ಆಯತ್ ತಪ್ಪಿದರೆ ಗೊತ್ತಿದ್ದವರು ಎತ್ತಿಕೊಡುತ್ತಾರೆ. ಉರ್ದುವಿನಲ್ಲಿ ಅದಕ್ಕೆ ಲುಕ್ಮಾ ಕೊಡುವುದು ಎನ್ನುತ್ತೇವೆ. ಎತ್ತಿಕೊಟ್ಟವನು ಹಮಾಲನೋ ಹಣ್ಣು ಮಾರುವವನೋ ಎಂದು ಇಮಾಮ್ ಹಿಂತಿರುಗಿ ನೋಡುವುದಿಲ್ಲ, ತಿದ್ದಿಕೊಂಡು ಮುಂದುವರಿಯುತ್ತಾರೆ. ಅಲ್ಲಿ ಯಾರೂ ಧೈರ್ಯ ತಂದುಕೊಳ್ಳಬೇಕಾಗಿಲ್ಲ. ತಿದ್ದುವುದು ಪದ್ಧತಿಯಲ್ಲೇ ಸೇರಿದೆ.

ಶಸ್ತ್ರಚಿಕಿತ್ಸೆಯ ಕೋಣೆಗೆ ಇಂಥದೇ ಒಂದು ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದಿತು. ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು; ರೋಗಿ ಯಾರು, ಕೊಯ್ಯುವುದು ಎಲ್ಲಿ ಎಂದು ಬಾಯಿಬಿಟ್ಟು ಖಚಿತಪಡಿಸಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು: ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಎಲ್ಲವೂ ಹೆಸರು ಹೇಳಿದ್ದರ ಫಲ ಎನ್ನುವಷ್ಟು ಮುಗ್ಧರು ನಾವಲ್ಲ. ಆದರೆ ಒಮ್ಮೆ ತನ್ನ ಹೆಸರು ಹೇಳಿದವಳಿಗೆ ಎರಡನೆಯ ಮಾತು ಹೇಳುವುದು ಸುಲಭವಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಯ ನಾಯಕತ್ವವನ್ನು ಅಳೆಯುವವರು ಅವನನ್ನಷ್ಟೇ ನೋಡಿದರೆ ಸಾಲದು, ಅವನ ಸುತ್ತ ನಿಂತವರನ್ನು ನೋಡಬೇಕು. ತಂಡದಲ್ಲಿ ಎಲ್ಲರಿಗಿಂತ ಕಿರಿಯಳು ಎಷ್ಟು ಸಲ ಬಾಯಿ ತೆರೆದಳು? ಅವಳು ತಪ್ಪು ಹೇಳಿದಾಗ ಅವನು ಏನು ಮಾಡಿದ? ಸರಿ ಹೇಳಿದ್ದನ್ನು ಒಪ್ಪಿಕೊಳ್ಳುವುದು ದೊಡ್ಡದಲ್ಲ. ತಪ್ಪು ಹೇಳಿ ನಗೆಪಾಟಲಾದವಳು ಮುಂದೆ ಸರಿಯಾದದ್ದನ್ನೂ ಹೇಳುವುದಿಲ್ಲ.

ಹಿಂದೆ ಸರಿಯುವುದನ್ನೂ ನೋಡಬೇಕು. 2022ರಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಭೇಟಿ ಕೊಡುತ್ತಿದ್ದಾರೆ. ಘಟಪ್ರಭೆಯ ದಂಡೆಯ ಯಾವುದೇ ಹಳ್ಳಿಯಲ್ಲಿ, ಯಾವ ಮನೆಯ ಸೊಸೆ ಬಸುರಿ, ಯಾವ ಅಜ್ಜ ಬಿ.ಪಿ. ಗುಳಿಗೆ ಬಿಟ್ಟಿದ್ದಾನೆ, ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲಿ ಯಾವ ಕೂಸಿಗೆ ಲಸಿಕೆ ಆಗಿಲ್ಲ ಎಂಬುದು ಗೊತ್ತಿರುವುದು ಆಶಾ ಕಾರ್ಯಕರ್ತೆಗೆ. ಉಪಕೇಂದ್ರದಲ್ಲಿ ಮುಂದಾಳಾಗಿ ಕೂತಿರುವ ಸಮುದಾಯ ಆರೋಗ್ಯ ಅಧಿಕಾರಿ ಬಹುಮಟ್ಟಿಗೆ ನರ್ಸಿಂಗ್ ಓದಿದವರು. ಅಲ್ಲಿ ನಾಳಿನ ಡಾಕ್ಟರ್ ಎರಡು ಹೆಜ್ಜೆ ಹಿಂದೆ ನಡೆದನೇ? ಇದನ್ನು ಹೇಳಬಲ್ಲವಳು ಆ ಆಶಾ. ಅವಳನ್ನು ಯಾವ ಕಾಲೇಜು ಕೇಳುತ್ತದೆಯೋ ನಾವು ಕಾಣೆವು.

ಇದಕ್ಕೆಲ್ಲ ಅಂಕ ಬೇಡ ಎಂಬುದು ನಮ್ಮ ಅಭಿಪ್ರಾಯ. ನಾಲ್ಕು ಸಾಲು ಬರಹ ಸಾಕು. ಒಂದೇ ಸಲವಲ್ಲ, ವರ್ಷವರ್ಷವೂ, ಬೇರೆ ಬೇರೆ ಕೈಗಳಿಂದ. ವೇಳಾಪಟ್ಟಿಯಲ್ಲಿ ಜಾಗವಿಲ್ಲ ಎಂದು ಕಾಲೇಜಿನವರು ಹೇಳಿಯಾರು. ಡ್ಯೂಟಿ ಬದಲಾಗುವ ಸಂಜೆ ಹೇಗೂ ನರ್ಸುಗಳು ಹಾಸಿಗೆಯಿಂದ ಹಾಸಿಗೆಗೆ ನಡೆದು ರೋಗಿಗಳನ್ನು ಒಬ್ಬರಿಂದೊಬ್ಬರಿಗೆ ಒಪ್ಪಿಸುತ್ತಾರೆ. ಆ ಅರ್ಧ ಗಂಟೆ ಹೌಸ್ ಸರ್ಜನ್ನನೂ ಫಾರ್ಮಸಿಯ ಹುಡುಗನೂ ಜೊತೆಗೆ ನಡೆಯಲಿ, ಮೊದಲ ಮಾತು ತರಬೇತಿಯ ಹುಡುಗಿಯದಾಗಲಿ. ಖಾಲಾನ ಹಾಸಿಗೆಯ ಬಳಿ ಆ ಸಂಜೆ ಬೇಕಾಗಿದ್ದದ್ದು ಅದೊಂದೇ ವಾಕ್ಯ.